ಗೋಧಿಗೆ ಭಂಡಾರ ರೋಗ: ಟಾನಿಕ್ ಯಾವುದು, ಔಷಧ ಯಾವುದು?

ಹಿಂಗಾರು ಬಂತು ಅಂದರೆ ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆ ಎರೆ ಹೊಲಗಳಲ್ಲಿ ಗೋಧಿ ಬಿತ್ತುತ್ತೇವೆ. ಬೀಜ ಹಸನು ಮಾಡುವವರು ನಾವು. ಕಳೆ ತೆಗೆಯುವವರು ನಾವು. ಕೊಯ್ಲಿಗೂ ನಾವೇ. ಆದರೆ ಬೆಳೆಗೆ ರೋಗ ಬಂದಾಗ ಯಾವ ಎಣ್ಣೆ ಹೊಡೆಯಬೇಕು ಅನ್ನುವ ಮಾತು ಬಂದರೆ ಸುಮ್ಮನಾಗುತ್ತೇವೆ. ಅದು ಗಂಡಸರ ಮಾತು, ಅಂಗಡಿಯವರ ಮಾತು ಅಂತ ಬಿಡುತ್ತೇವೆ. ಈಗ ನಮಗೂ ಓದಲು ಬರುತ್ತದೆ. ಬಾಟಲಿ ಮೇಲೆ ಏನು ಬರೆದಿದೆ, ನಾವೇ ನೋಡೋಣ ಬನ್ನಿ.

ಮೊದಲು ರೋಗದ ಮಾತು. ಗೋಧಿ ಎಲೆಯ ಮೇಲೆ ಸಣ್ಣ ಸಣ್ಣ ಕೆಂಗಂದು ಚುಕ್ಕೆ ಏಳುತ್ತವೆ. ಬೆರಳಿನಿಂದ ಉಜ್ಜಿದರೆ ಪುಡಿ ಅಂಟುತ್ತದೆ. ಹೊಲದಲ್ಲಿ ಅಡ್ಡಾಡಿ ಬಂದರೆ ಸೀರೆಯ ಅಂಚಿಗೂ ಹತ್ತುತ್ತದೆ. ಮೈಲಾರನ ಭಂಡಾರ ಎರಚಿದ ಹಾಗೆ ಕಾಣುತ್ತದೆ. ಅದಕ್ಕೇ ನಮ್ಮ ಹಿರಿಯರು ಇದನ್ನು ಭಂಡಾರ ರೋಗ ಅಂದರು. ಪುಸ್ತಕದಲ್ಲಿ ತುಕ್ಕು ರೋಗ ಅಂತ ಬರೆಯುತ್ತಾರೆ. ಎರಡೂ ಒಂದೇ.

ಇದು ದೇವರ ಸಿಟ್ಟಲ್ಲ. ಇದು ಒಂದು ಶಿಲೀಂಧ್ರ. ಹಳಸಿದ ರೊಟ್ಟಿಯ ಮೇಲೆ ಬೂಷ್ಟು ಬರುತ್ತದಲ್ಲ, ಅದರ ಜಾತಿ. ಆ ಪುಡಿಯ ಒಂದೊಂದು ಕಣವೂ ಒಂದೊಂದು ಬೀಜ ಇದ್ದಂತೆ. ಗಾಳಿಯಲ್ಲಿ ಹಾರಿ ಬಂದು ಎಲೆಯ ಮೇಲೆ ಕೂರುತ್ತದೆ. ರಾತ್ರಿ ಇಬ್ಬನಿ ಬಿದ್ದು ಎಲೆ ಒದ್ದೆಯಾಗಿದ್ದರೆ ಮೊಳೆಯುತ್ತದೆ. ಎಲೆ ಉಸಿರಾಡುವ ಸಣ್ಣ ರಂಧ್ರದಿಂದ ಒಳಗೆ ನುಗ್ಗುತ್ತದೆ. ವಾರ ಹತ್ತು ದಿನದಲ್ಲಿ ಮತ್ತೆ ಹೊಸ ಪುಡಿ ಉಗುಳುತ್ತದೆ.

ಈ ಪುಡಿ ಎಲ್ಲಿಂದ ಬರುತ್ತದೆ? ಬೇಸಿಗೆಯ ಬಿಸಿಲಿಗೆ ಬಯಲು ನಾಡಿನಲ್ಲಿ ಇದು ಉಳಿಯುವುದಿಲ್ಲ. ತಂಪು ಇರುವ ಗುಡ್ಡಗಳಲ್ಲಿ ಉಳಿದು, ವರ್ಷ ವರ್ಷ ಗಾಳಿಯ ಜೊತೆ ಕೆಳಗೆ ಬರುತ್ತದೆ. ಆಗ್ರಾದ ಕೆ.ಸಿ. ಮೆಹ್ತಾ ಎಂಬ ವಿಜ್ಞಾನಿ ಎಷ್ಟೋ ವರ್ಷ ದುಡಿದು ಇದನ್ನು ಕಂಡುಹಿಡಿದರು. ನಮ್ಮ ಕಡೆಗೆ ಬರುವುದು ದಕ್ಷಿಣದ ನೀಲಗಿರಿ, ಪಳನಿ ಗುಡ್ಡಗಳಿಂದ. ಅಂದರೆ ನಮ್ಮ ಹೊಲ ಎಷ್ಟೇ ಚೊಕ್ಕ ಇದ್ದರೂ ರೋಗ ಬರಬಹುದು. ಯಾರ ತಪ್ಪೂ ಅಲ್ಲ.

ಈಗ ಅಂಗಡಿಗೆ ಹೋಗೋಣ. ರೋಗ ಬಂದಿದೆ ಅಂದ ಕೂಡಲೇ ಕೆಲವು ಅಂಗಡಿಯವರು ಎರಡು ಬಾಟಲಿ ಇಡುತ್ತಾರೆ. ಒಂದು ಔಷಧ, ಇನ್ನೊಂದು ಟಾನಿಕ್. ದುಡ್ಡು ಕಡಿಮೆ ಇದ್ದರೆ, "ಟಾನಿಕ್ ಒಂದೇ ಒಯ್ಯಿರಿ, ಸಾಕು" ಅನ್ನುವವರೂ ಇದ್ದಾರೆ. ಇಲ್ಲೇ ನಾವು ಎಚ್ಚರ ಇರಬೇಕು.

ಟಾನಿಕ್ ಅಂದರೆ ಜೈವಿಕ ಉತ್ತೇಜಕ. ಹ್ಯೂಮಿಕ್ ಆಮ್ಲ, ಅಮೈನೋ ಆಮ್ಲ, ಕಡಲಪಾಚಿಯ ರಸ, ಇವೆಲ್ಲ ಆ ಗುಂಪಿನವು. ಕಡಲಪಾಚಿಯ ಕಥೆ ಕೇಳುವಂಥದ್ದು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಕಡಲ ದಂಡೆಯಲ್ಲಿ ನಮ್ಮಂಥ ಸಂಘದ ಹೆಂಗಸರೇ ಇದನ್ನು ಬೆಳೆಯುತ್ತಾರೆ. ಬಿದಿರಿನ ತೆಪ್ಪ ಕಟ್ಟಿ, ಹಗ್ಗಕ್ಕೆ ಪಾಚಿಯ ತುಂಡು ಪೋಣಿಸಿ, ನೀರಿಗೆ ಇಳಿಬಿಡುತ್ತಾರೆ. ಸುಮಾರು 45 ದಿನಕ್ಕೆ ಕೊಯ್ಲು. ಹಸಿ ಪಾಚಿಯಿಂದ ರಸ ತೆಗೆಯುವ ಬಗೆಯನ್ನು ಗುಜರಾತಿನ ಭಾವನಗರದ ಸರಕಾರಿ ಸಂಶೋಧನಾ ಸಂಸ್ಥೆ ಕಂಡುಹಿಡಿಯಿತು. ಕಡಲಲ್ಲಿ ಅವರು ಬೆಳೆದದ್ದು ಬಾಟಲಿಯಲ್ಲಿ ನಮ್ಮ ಎರೆ ಹೊಲಕ್ಕೆ ಬರುತ್ತದೆ!

ಈ ಟಾನಿಕ್ ಏನು ಮಾಡುತ್ತದೆ? ಬೇರು ಚೆನ್ನಾಗಿ ಇಳಿಯಲು, ಮರಿ ಒಡೆಯಲು, ನೀರಿನ ಕೊರತೆ ತಾಳಲು ಬೆಳೆಗೆ ನೆರವಾಗುತ್ತದೆ. ಕೆಲವು ಪಾಚಿಯ ರಸ ಗಿಡವನ್ನು ಮೊದಲೇ ಎಚ್ಚರಿಸುತ್ತದೆ. ಗಿಡ ತನ್ನ ಕಾವಲು ತಾನೇ ಬಿಗಿ ಮಾಡಿಕೊಳ್ಳುತ್ತದೆ. ಆದರೆ ಎಲೆಯ ಒಳಗೆ ಹೊಕ್ಕ ಶಿಲೀಂಧ್ರವನ್ನು ಟಾನಿಕ್ ಕೊಲ್ಲುವುದಿಲ್ಲ.

ಬಾಣಂತಿಗೆ ಅಂಟಿನುಂಡಿ ಕೊಡುತ್ತೇವೆ. ಮೈಗೆ ಕಸುವು ಬರಲಿ ಅಂತ. ಅದೇ ಬಾಣಂತಿಗೆ ಜ್ವರ ಬಂದರೆ? ಇನ್ನೆರಡು ಉಂಡಿ ಕೊಟ್ಟು ಕೂರುತ್ತೇವೆಯೇ? ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ. ಗೋಧಿಗೂ ಹಾಗೇ.

ಆದ್ದರಿಂದ ಟಾನಿಕ್ ಕೊಡುವುದಾದರೆ ಮೊದಲೇ, ಗೋಧಿ ಮರಿ ಒಡೆಯುವಾಗ ಕೊಡಬೇಕು. ಎಲೆಯೆಲ್ಲ ಭಂಡಾರ ಆದ ಮೇಲೆ ಕೊಟ್ಟರೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಚುಕ್ಕೆ ಕಂಡ ಕೂಡಲೇ ಬೇಕಾದದ್ದು ಶಿಲೀಂಧ್ರನಾಶಕ. ಗೋಧಿಯ ತುಕ್ಕಿಗೆ ಪ್ರೊಪಿಕೊನಜೋಲ್ ಎಂಬ ಔಷಧ ಬಳಕೆಯಲ್ಲಿದೆ. ಒಂದು ಲೀಟರ್ ನೀರಿಗೆ 1 ಮಿ.ಲೀ. ಸಾಕು. ಹುಳದ ಎಣ್ಣೆ ಹೊಡೆದರೆ ಈ ರೋಗ ಹೋಗುವುದಿಲ್ಲ. ದುಡ್ಡು ಹೋಗುತ್ತದೆ ಅಷ್ಟೆ. ತೆನೆಯ ಕೆಳಗಿನ ಕೊನೆಯ ಎಲೆಯನ್ನು ಉಳಿಸಿಕೊಳ್ಳಬೇಕು. ಕಾಳು ತುಂಬಲು ಹೆಚ್ಚಿನ ಆಹಾರ ಕೊಡುವುದು ಆ ಎಲೆಯೇ. ಹಾಂ, ಯೂರಿಯಾ ಹೆಚ್ಚು ಸುರಿದರೆ ಎಲೆ ಸೊಕ್ಕಿ ರೋಗಕ್ಕೆ ಇನ್ನೂ ಅನುಕೂಲ. ಅದನ್ನೂ ಮನೆಯಲ್ಲಿ ಹೇಳಿ.

ಎರಡನ್ನೂ ಕೂಡಿಸಿ ಹೊಡೆಯಬಹುದೇ? ಕೂಡಿಸಬಹುದು ಅಂತ ಚೀಟಿಯಲ್ಲಿ ಬರೆದಿದ್ದರೆ ಮಾತ್ರ. ಬರೆದಿದ್ದರೂ ಮೊದಲು ಒಂದು ಗಾಜಿನ ಬಾಟಲಿಯಲ್ಲಿ ಸ್ವಲ್ಪ ನೀರಿಗೆ ಅಳತೆ ಪ್ರಕಾರ ಎರಡನ್ನೂ ಹಾಕಿ, ಕಲಕಿ, ಅರ್ಧ ಗಂಟೆ ಇಡಿ. ಹಾಲು ಒಡೆದ ಹಾಗೆ ಗಂಟು ಕಟ್ಟಿದರೆ, ಅಡಿಯಲ್ಲಿ ಗಷ್ಟು ಕೂತರೆ, ಬಾಟಲಿ ಬಿಸಿಯಾದರೆ ಕೂಡಿಸಬೇಡಿ. ಆ ಬಾಟಲಿಯನ್ನು ಮತ್ತೆ ಅಡುಗೆ ಮನೆಗೆ ತರಬೇಡಿ. ಇನ್ನೊಂದು ಮಾತು. ಟ್ರೈಕೋಡರ್ಮಾ ಅನ್ನುವುದು ರೈತನಿಗೆ ಗೆಳೆಯನಾದ ಒಂದು ಶಿಲೀಂಧ್ರ. ಅದನ್ನು ಶಿಲೀಂಧ್ರನಾಶಕದ ಜೊತೆ ಬೆರೆಸಿದರೆ ಕಳ್ಳನ ಜೊತೆ ಕಾವಲುಗಾರನೂ ಸತ್ತ ಹಾಗೆ.

ಬಾಟಲಿ ಓದುವುದು ಹೇಗೆ? ಕೀಟ, ರೋಗದ ಔಷಧದ ಮೇಲೆ ಮೂಲೆಯ ಮೇಲೆ ನಿಂತ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧ ಬಣ್ಣದ ತ್ರಿಕೋಣ. ಕೆಂಪು ಅಂದರೆ ಅತಿ ಘೋರ ವಿಷ. ಹಳದಿ ಅದಕ್ಕಿಂತ ಕಡಿಮೆ. ನೀಲಿ ಇನ್ನೂ ಕಡಿಮೆ. ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಅಂದರೂ ಕುಡಿಯುವ ನೀರಲ್ಲ! ಈ ತ್ರಿಕೋಣವೇ ಇಲ್ಲದ ಬಾಟಲಿ ತೋರಿಸಿ, "ಇದು ರೋಗದ ಔಷಧ" ಅಂದರೆ ನಂಬಬೇಡಿ. 2021ರಲ್ಲಿ ಸರಕಾರ ಜೈವಿಕ ಉತ್ತೇಜಕಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿತು. ಅವನ್ನು ಕಾಯಿದೆಯಲ್ಲಿ ಕೀಟನಾಶಕದಿಂದ ಬೇರೆಯೇ ಇಟ್ಟಿದೆ. ತಯಾರಾದ ದಿನ, ಮುಗಿಯುವ ದಿನ ಓದಿ. ಬಿಲ್ ಕೇಳಿ ತೆಗೆದುಕೊಳ್ಳಿ. ಕೇಳಲು ನಾಚಿಕೆ ಯಾಕೆ? ದುಡ್ಡು ನಮ್ಮದು.

ಔಷಧ ಬೆರೆಸುವಾಗ ಕೈಗವಸು, ಮೂಗಿಗೆ ಬಟ್ಟೆ ಇರಲಿ. ಬಸುರಿ, ಬಾಣಂತಿಯರು ಈ ಕೆಲಸಕ್ಕೆ ಬೇಡವೇ ಬೇಡ. ಹೊಡೆದವರ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ. ಎಷ್ಟು ದಿನ ಕಳೆದು ಕೊಯ್ಯಬೇಕು ಅನ್ನುವುದೂ ಚೀಟಿಯಲ್ಲಿರುತ್ತದೆ. ಚೀಟಿಯಲ್ಲಿ ಹಲವು ಭಾಷೆ ಇರುತ್ತವೆ. ಕನ್ನಡ ಎಲ್ಲಿದೆ ಹುಡುಕಿ.

ಔಷಧದ ಗೊಡವೆಯೇ ಬೇಡ ಅನ್ನುವವರಿಗೆ ನಮ್ಮ ಸದಕ ಗೋಧಿ ಇದೆ. ತುಕ್ಕು ರೋಗವನ್ನು ಚೆನ್ನಾಗಿ ತಡೆಯುತ್ತದೆ. ಅದರ ಹುಗ್ಗಿಯ ರುಚಿ ನಿಮಗೆ ಹೇಳಬೇಕಾಗಿಲ್ಲ.

ಲೆಕ್ಕ ಮಾಡಿ

ಒಂದು ಲೀಟರ್ ನೀರಿಗೆ 1 ಮಿ.ಲೀ. ಔಷಧ. ಪಂಪಿನಲ್ಲಿ 16 ಲೀಟರ್ ನೀರು ಹಿಡಿಯುತ್ತದೆ. ಒಂದು ಪಂಪಿಗೆ 16 ಮಿ.ಲೀ. ಬೇಕು. ಎಕರೆಗೆ 200 ಲೀಟರ್ ನೀರು ಬೇಕಾದರೆ ಔಷಧ ಎಷ್ಟು ಬೇಕು? ಬರೆಯಿರಿ.

ನಿಮ್ಮ ಮನೆಯಲ್ಲಿರುವ ಔಷಧದ ಡಬ್ಬಿಯ ತ್ರಿಕೋಣ ಯಾವ ಬಣ್ಣದ್ದು? ಮುಟ್ಟದೆ, ದೂರದಿಂದ ನೋಡಿ ಬರೆಯಿರಿ.