ಚಳಿಗೆ ಬಿಳಿಚುವ ಬೆರಳು

ಗುತ್ತೂರಿನ ಸಹೋದರಿಯೇ, ಮಾಗಿಯ ಬೆಳಗ್ಗೆ ತುಂಗಭದ್ರೆಯ ನೀರಿಗೆ ಕೈಯಿಟ್ಟರೆ ಬೆರಳು ಸುಣ್ಣದಂತೆ ಬಿಳಿಚಿ, ನೀಲಿಗಟ್ಟಿ, ಆಮೇಲೆ ಕೆಂಪಗೆ ಉರಿಯುತ್ತವೆ ಎಂದಿದ್ದೀರಿ. ಇದು ಗಾಳಿ ಸೋಕಿದ್ದಲ್ಲ. 1862ರಲ್ಲಿ ಫ್ರೆಂಚ್ ವೈದ್ಯ ಮಾರಿಸ್ ರೇನೋ ವಿವರಿಸಿದ ತೊಂದರೆಯ ಲಕ್ಷಣ.

ರಕ್ತನಾಳದ ಸ್ನಾಯುವಿನೊಳಗೆ ಕ್ಯಾಲ್ಸಿಯಂ ನುಗ್ಗಿದರೆ ಒಂದು ಕೈನೇಸ್ ಕಿಣ್ವ ಮಯೋಸಿನ್‌ಗೆ ಫಾಸ್ಫೇಟ್ ಅಂಟಿಸುತ್ತದೆ, ನಾಳ ಬಿಗಿಯುತ್ತದೆ. ಆ ಫಾಸ್ಫೇಟನ್ನು ಕಿತ್ತು ಸಡಿಲಿಸಬೇಕಾದ ಇನ್ನೊಂದು ಕಿಣ್ವವನ್ನು, ಚಳಿಗೆ ಚುರುಕಾಗುವ ರೋ-ಕೈನೇಸ್ ತಡೆಹಿಡಿಯುತ್ತದೆ. ಗಂಟು ಬಿಚ್ಚುವವರ ಕೈಯನ್ನೇ ಕಟ್ಟಿದ ಹಾಗೆ.

ಬಟ್ಟೆ ಒಗೆಯಲು ಉಗುರುಬೆಚ್ಚನೆ ನೀರು, ರಬ್ಬರ್ ಕೈಗವಸು ಇರಲಿ. ಮನೆಯಲ್ಲಿ ಬೀಡಿ ಹೊಗೆ ದಯವಿಟ್ಟು ಬೇಡ. ಬೆರಳ ತುದಿಯಲ್ಲಿ ಹುಣ್ಣು, ಚರ್ಮದ ಬಿಗಿತ, ಕೀಲುನೋವು ಕಂಡರೆ ತಡಮಾಡದೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ ಹೋಗಿ ತೋರಿಸಿ. ಕ್ಯಾಲ್ಸಿಯಂ ಬಾಗಿಲು ಮುಚ್ಚುವ ನಿಫೆಡಿಪಿನ್ ಮಾತ್ರೆ ವೈದ್ಯರು ಬರೆದುಕೊಟ್ಟರಷ್ಟೇ. ಪಕ್ಕದ ಮನೆಯವರ ಬಿಪಿ ಮಾತ್ರೆ ನುಂಗಬೇಡಿ.