ನೇರ ವಿದ್ಯುನ್ಮಂಡಲದಲ್ಲಿ ಪ್ರೇರಕದ ನಡೆ

ಅವರ್ಸಾದ ಕಡಲತಡಿಯಲ್ಲಿ ಮೀನುಗಾರರು ದೋಣಿಯನ್ನು ನೀರಿಗೆ ನೂಕುವುದನ್ನು ಕಂಡ ಮಕ್ಕಳಿಗೆ ಜಡತ್ವವೆಂದರೇನೆಂದು ಹೊಸದಾಗಿ ಹೇಳಬೇಕಾಗಿಲ್ಲ. ನಿಂತ ದೋಣಿಯು ಮೊದಲ ನೂಕಿಗೆ ಕದಲದು. ವೇಗ ಪಡೆದ ದೋಣಿಯು ಹುಟ್ಟು ಹಾಕುವುದನ್ನು ನಿಲ್ಲಿಸಿದರೂ ಕೊಂಚ ದೂರ ಸಾಗದೆ ಬಿಡದು. ವಿದ್ಯುತ್ ಪ್ರವಾಹಕ್ಕೆ ಇಂತಹುದೇ ಜಡತ್ವವನ್ನು ಉಂಟುಮಾಡುವ ತಂತಿಯ ಸುರುಳಿಗೆ ಪ್ರೇರಕವೆಂದು ಹೆಸರು.

ಈ ಹೆಸರೇ ವಿದ್ಯಾರ್ಥಿಗಳ ಗೊಂದಲಕ್ಕೆ ಒಂದು ಕಾರಣವೆನ್ನಬೇಕು. ‘ಮಾಡು’ ಎಂಬುದು ‘ಮಾಡಿಸು’ ಎಂದಾದಾಗ ವ್ಯಾಕರಣವು ಅದನ್ನು ಪ್ರೇರಣಾರ್ಥಕವೆನ್ನುತ್ತದೆ. ಅಲ್ಲಿ ಪ್ರೇರಕನು ಕೆಲಸಕ್ಕೆ ಹಚ್ಚುವವನು. ಇಲ್ಲಿಯೋ ಪ್ರೇರಕವು ಪ್ರವಾಹದ ಬದಲಾವಣೆಗೆ ಅಡ್ಡ ನಿಲ್ಲುತ್ತದೆ! ಬದಲಾಗುವ ಕಾಂತಕ್ಷೇತ್ರವು ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುವುದನ್ನು ಫ್ಯಾರಡೆ 1831ರಲ್ಲಿ ತೋರಿಸಿದನು. ಆ ಪ್ರೇರಣೆಯು ತನ್ನ ಕಾರಣವನ್ನೇ ವಿರೋಧಿಸುವುದೆಂಬ ನಿಯಮವನ್ನು 1834ರಲ್ಲಿ ಲೆನ್ಸ್ ಹೇಳಿದನು.

‘ನೇರ ವಿದ್ಯುತ್ತಿನಲ್ಲಿ ಪ್ರೇರಕವು ಬರಿಯ ತಂತಿ’ ಎಂಬ ಮಾತು ತರಗತಿಗಳಲ್ಲಿ ರೂಢವಾಗಿದೆ. ಅದು ಅರ್ಧಸತ್ಯ, ಉಳಿದರ್ಧವನ್ನು ಮರೆತರೆ ಅಪಾಯವೂ ಉಂಟು. 0.3 ಹೆನ್ರಿ ಪ್ರೇರಕತ್ವವೂ 6 ಓಮ್ ರೋಧವೂ ಉಳ್ಳ ಸುರುಳಿಯೊಂದನ್ನು 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದೆವೆನ್ನಿ. ಪ್ರವಾಹವು ಒಮ್ಮೆಲೇ 2 ಆಂಪೇರ್ ಆಗದು. ಪ್ರೇರಕತ್ವವನ್ನು ರೋಧದಿಂದ ಭಾಗಿಸಿದರೆ ಬರುವ ಕಾಲ 0.05 ಸೆಕೆಂಡು, ಅಷ್ಟರಲ್ಲಿ ಪ್ರವಾಹವು ಶೇಕಡಾ 63ರಷ್ಟು, ಎಂದರೆ ಸುಮಾರು 1.26 ಆಂಪೇರ್ ಮುಟ್ಟುತ್ತದೆ. ಕಾಲು ಸೆಕೆಂಡಿನಲ್ಲಿ ಬಹುತೇಕ ಪೂರ್ಣವಾಗುತ್ತದೆ. ಆ ಬಳಿಕ ಮಾತ್ರ ಅದು ‘ಬರಿಯ ತಂತಿ’.

ಆದರೆ ಆ ತಂತಿಯ ಸುತ್ತಲಿನ ಕಾಂತಕ್ಷೇತ್ರದಲ್ಲಿ ಈಗ 0.6 ಜೂಲ್ ಶಕ್ತಿ ಅಡಗಿದೆ. ಸ್ವಿಚ್ಚನ್ನು ತೆರೆದಾಗ ಪ್ರವಾಹವು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಒಂದೇ ಗತಿಯಿಂದ ಇಳಿದು ಶೂನ್ಯವಾದರೆ, ಸುರುಳಿಯು 600 ವೋಲ್ಟಿನ ಎದುರೇಟು ಕೊಡುತ್ತದೆ. ಬಿಚ್ಚಿದ ತುದಿಗಳ ನಡುವೆ ಕಿಡಿ ಹಾರುತ್ತದೆ. ಹನ್ನೆರಡೇ ವೋಲ್ಟೆಂದು ಎರಡು ತುದಿಗಳನ್ನೂ ಬರಿಗೈಯಲ್ಲಿ ಹಿಡಿದು ಬಿಚ್ಚುವ ಬಾಲಕನಿಗೆ ಆಘಾತವಾಗುವುದು ಹೀಗೆ.

ಅವರ್ಸಾವನ್ನು ಹಾದುಹೋಗುವ ಹೆದ್ದಾರಿಯಲ್ಲಿ ಒಂದು ಕಾಲಕ್ಕೆ ಓಡುತ್ತಿದ್ದ ಪೆಟ್ರೋಲ್ ಕಾರುಗಳು ಈ ಎದುರೇಟಿನಿಂದಲೇ ನಡೆದವು. ಇಗ್ನಿಷನ್ ಕಾಯಿಲಿನ ಮೊದಲ ಸುತ್ತಿನ ಪ್ರವಾಹವನ್ನು ‘ಪಾಯಿಂಟು’ಗಳು ತಟ್ಟನೆ ಕಡಿಯುತ್ತಿದ್ದವು, ಸಾವಿರಾರು ಎಳೆಗಳ ಎರಡನೆಯ ಸುತ್ತಿನಲ್ಲಿ ಸಾವಿರಾರು ವೋಲ್ಟು ಹುಟ್ಟಿ ಪ್ಲಗ್ಗಿನಲ್ಲಿ ಕಿಡಿಯಾಗುತ್ತಿತ್ತು. ಪಾಯಿಂಟುಗಳು ಸುಡದಿರಲೆಂದು ಅವುಗಳಿಗೆ ಅಡ್ಡಲಾಗಿ ಕಂಡೆನ್ಸರನ್ನು ಇಡುತ್ತಿದ್ದರು. ಈಗ ಕಡಿಯುವ ಕೆಲಸವನ್ನು ಟ್ರಾನ್ಸಿಸ್ಟರು ವಹಿಸಿಕೊಂಡಿದೆ. ಕಾಯಿಲು ಉಳಿದೇ ಇದೆ.

ಶಾಲೆಯ ಪ್ರಯೋಗಕ್ಕೆ ಕಿಡಿ ಬೇಕಾಗಿಲ್ಲ. ಸುರುಳಿಗೆ ಅಡ್ಡಲಾಗಿ, ಬ್ಯಾಟರಿಯ ಪ್ರವಾಹವು ಹಾಯದ ದಿಕ್ಕಿನಲ್ಲಿ ಒಂದು ಡಯೋಡನ್ನು ಜೋಡಿಸಿದರೆ ಸಾಕು. ಸ್ವಿಚ್ಚು ತೆರೆದೊಡನೆ ಪ್ರವಾಹವು ಆ ದಾರಿಯಲ್ಲಿ ಸುತ್ತಿ ಸುತ್ತಿ ತಾನೇ ಅಡಗುತ್ತದೆ.