ದೂರಕ್ಕೆ ಸರಿದ ಬಾಗಿಲು



ಉತ್ತರ ಆಫ್ರಿಕದ ಟ್ಯುನಿಸ್ ಬಂದರಿನಿಂದ ಇಟಲಿಯ ಸಿಸಿಲಿ ದ್ವೀಪಕ್ಕೆ ಪ್ರಯಾಣಿಕರ ಹಡಗು ಹೋಗುತ್ತದೆ. ಟಿಕೆಟ್ ಕೊಂಡವರು ರಾತ್ರಿ ಮಲಗಿ ಬೆಳಿಗ್ಗೆ ಇಳಿಯಬಹುದು. ವಿಮಾನವಾದರೆ ಇನ್ನೂ ಬೇಗ. ಹಾಗಿದ್ದೂ ಅದೇ ಸಮುದ್ರವನ್ನು ದಾಟಲು ಬಡಜನರು ಟಿಕೆಟಿನ ಹಲವು ಪಟ್ಟು ಹಣವನ್ನು ಕಳ್ಳಸಾಗಣೆದಾರರ ಕೈಗಿಟ್ಟು, ಮುರುಕು ದೋಣಿ ಹತ್ತಿ, ನೀರಿನ ಪಾಲಾಗುತ್ತಾರೆ. ಅಂತರರಾಷ್ಟ್ರೀಯ ವಲಸೆ ಸಂಸ್ಥೆ 2014ರಿಂದ ಇಟ್ಟಿರುವ ಲೆಕ್ಕದಂತೆ ಮೆಡಿಟರೇನಿಯನ್ ಸಮುದ್ರದಲ್ಲಿ ಸತ್ತವರು ಮತ್ತು ಕಾಣೆಯಾದವರು 30,000ಕ್ಕೂ ಹೆಚ್ಚು. ಹಡಗಿರುವಾಗ ದೋಣಿಯೇಕೆ?

ನಮ್ಮ ಕರಾವಳಿಯ ಕುಟುಂಬಗಳಿಗೆ ಉತ್ತರ ಅರ್ಧ ತಿಳಿದೇ ಇದೆ. ಮಗನನ್ನು ಗಲ್ಫಿಗೆ ಕಳುಹಿಸಲು ಬಜಪೆಗೆ ಹೋದವರು ನೋಡಿರುತ್ತೀರಿ. ದುಬೈಯ ಅಧಿಕಾರಿ ಪಾಸ್‌ಪೋರ್ಟ್ ಮುಟ್ಟುವ ಎಷ್ಟೋ ಮೊದಲೇ ವಿಮಾನ ಕಂಪೆನಿಯ ಕೌಂಟರಿನಲ್ಲಿರುವ ಹುಡುಗಿ ವೀಸಾವನ್ನು ಪರೀಕ್ಷಿಸುತ್ತಾಳೆ. ಅವಳು ಯಾವ ಸರಕಾರದ ನೌಕರಳೂ ಅಲ್ಲ. ಆದರೆ ಕಾಗದ ಸರಿಯಿಲ್ಲದವರನ್ನು ಹತ್ತಿಸಿಕೊಂಡರೆ ಕಂಪೆನಿಗೆ ದಂಡ ಬೀಳುತ್ತದೆ. ಐರೋಪ್ಯ ಒಕ್ಕೂಟವು 2001ರಲ್ಲಿ ಈ ದಂಡ ತಲೆಗೆ ಸಾವಿರಾರು ಯೂರೋ ಇರಬೇಕೆಂದು ತನ್ನ ಸದಸ್ಯ ರಾಷ್ಟ್ರಗಳಿಗೆ ನಿರ್ದೇಶನ ನೀಡಿತು. ಅಂದರೆ ಯೂರೋಪಿನ ಗಡಿ ಆಫ್ರಿಕದ ವಿಮಾನ ನಿಲ್ದಾಣದ ಕೌಂಟರಿಗೆ ಬಂದು ಕುಳಿತಿದೆ.

ಇಲ್ಲೊಂದು ಗಂಟು ಇದೆ. ಎರಿಟ್ರಿಯದಲ್ಲಿ ಕೊನೆಯೇ ಇಲ್ಲದ ಕಡ್ಡಾಯ ಸೈನಿಕ ಸೇವೆಯಿಂದ ತಪ್ಪಿಸಿಕೊಂಡು ಬಂದವನು ಇಟಲಿಯಲ್ಲಿ ಆಶ್ರಯ ಬೇಡಬೇಕಾದರೆ ಇಟಲಿಯ ನೆಲದ ಮೇಲೆ ನಿಂತು ಬೇಡಬೇಕು. ಆ ನೆಲ ತಲುಪಲು ವೀಸಾ ಬೇಕು. ಆಶ್ರಯ ಬೇಡಲು ಬರುತ್ತೇನೆ ಎಂದವನಿಗೆ ವೀಸಾ ಸಿಗುವುದಿಲ್ಲ. ಬೇಡುವ ಹಕ್ಕು ಉಂಟು, ಬೇಡುವ ಜಾಗಕ್ಕೆ ದಾರಿಯಿಲ್ಲ.

ಇದು ಅನಾದಿಕಾಲದ ವ್ಯವಸ್ಥೆಯಲ್ಲ. 1990ರ ಸುಮಾರಿನವರೆಗೆ ಟ್ಯುನಿಸಿಯದವರು ವೀಸಾ ಇಲ್ಲದೆ ಇಟಲಿಗೆ ಹೋಗಿ ದುಡಿದು ಮರಳುತ್ತಿದ್ದರು. 1985ರ ಷೆಂಗೆನ್ ಒಪ್ಪಂದ 1995ರಲ್ಲಿ ಜಾರಿಗೆ ಬಂದಾಗ ಯೂರೋಪಿನ ಒಳಗಿನ ತಪಾಸಣೆ ನಿಂತುಹೋಯಿತು. ಒಳಗಿನ ಬೇಲಿ ಕಿತ್ತಷ್ಟೂ ಹೊರಗಿನ ಗೋಡೆ ಎತ್ತರವಾಯಿತು. ಲಾಂಪೆದೂಸಾ ಎಂಬ ಪುಟ್ಟ ದ್ವೀಪದ ಹೆಸರು ಲೋಕಕ್ಕೆ ಕೇಳಿಸತೊಡಗಿದ್ದು ಹೀಗೆ. ಅದು ಇಟಲಿಗೆ ಸೇರಿದ್ದು, ಆದರೆ ಸಿಸಿಲಿಗಿಂತ ಟ್ಯುನಿಸಿಯಕ್ಕೇ ಹತ್ತಿರ. ವಿಸ್ತೀರ್ಣ ಸುಮಾರು 20 ಚದರ ಕಿಲೋಮೀಟರ್, ಜನ ಆರು ಸಾವಿರದಷ್ಟು, ಹೆಚ್ಚಿನವರು ಮೀನುಗಾರಿಕೆ ಮತ್ತು ಪ್ರವಾಸಿಗಳನ್ನು ನಂಬಿದವರು.

ಜಗದ್ಗುರು ಫ್ರಾನ್ಸಿಸ್‌ರವರು ಆಯ್ಕೆಯಾದ ಮೇಲೆ ರೋಮಿನ ಹೊರಗೆ ಕೈಗೊಂಡ ಮೊದಲ ಅಧಿಕೃತ ಪ್ರಯಾಣ ಈ ದ್ವೀಪಕ್ಕೆ, 2013ರ ಜುಲೈ 8ರಂದು. ಸಮುದ್ರಕ್ಕೆ ಹೂಮಾಲೆ ಹಾಕಿ, ದೋಣಿಯನ್ನೇ ಪೀಠವಾಗಿಸಿ ಬಲಿಪೂಜೆ ಅರ್ಪಿಸಿದರು. ಅವರು ಹಿಡಿದ ಪಾನಪಾತ್ರೆ ಒಡೆದ ದೋಣಿಯ ಮರದ್ದು. ದೇವರು ಕಾಯಿನನಿಗೆ ಹಾಕಿದ ಪ್ರಶ್ನೆಯನ್ನು ಅಂದು ಲೋಕದ ಮುಂದಿಟ್ಟರು. ಮೂರು ತಿಂಗಳೂ ಕಳೆದಿರಲಿಲ್ಲ, ಅಕ್ಟೋಬರ್ 3ರಂದು ಅದೇ ದ್ವೀಪದ ದಡಕ್ಕೆ ಕಣ್ಣಳತೆಯ ದೂರದಲ್ಲಿ ದೋಣಿಯೊಂದಕ್ಕೆ ಬೆಂಕಿ ಹತ್ತಿ ಮಗುಚಿ 360ಕ್ಕೂ ಹೆಚ್ಚು ಮಂದಿ ಸತ್ತರು, ಬಹುಪಾಲು ಎರಿಟ್ರಿಯದವರು. ಆ ಆಘಾತದಲ್ಲಿ ಇಟಲಿ ತನ್ನ ನೌಕಾಪಡೆಯನ್ನೇ ರಕ್ಷಣೆಗೆ ಇಳಿಸಿತು. ಒಂದು ವರ್ಷದಲ್ಲಿ ಸುಮಾರು ಒಂದೂವರೆ ಲಕ್ಷ ಜನರನ್ನು ನೀರಿನಿಂದ ಎತ್ತಿತು. ತಿಂಗಳಿಗೆ 90 ಲಕ್ಷ ಯೂರೋ ಖರ್ಚು. ಕಾಪಾಡಿದಷ್ಟೂ ಜನ ಬರುತ್ತಾರೆ ಎಂಬ ವಾದ ಗೆದ್ದು, 2014ರ ಕೊನೆಗೆ ಅದು ನಿಂತಿತು. ಬದಲಿಗೆ ಬಂದ ಕಾವಲಿನ ಖರ್ಚು ಮೂರರಲ್ಲೊಂದು ಭಾಗ, ಅದರ ವ್ಯಾಪ್ತಿ ದಡದ ಹತ್ತಿರ ಮಾತ್ರ.

ಕಾನೂನಿನ ಕಥೆ ಇದಕ್ಕಿಂತ ಹೆಚ್ಚು ಗಮನಿಸತಕ್ಕದ್ದು. 1951ರ ನಿರಾಶ್ರಿತರ ಒಡಂಬಡಿಕೆಯ 33ನೇ ವಿಧಿ ಹೇಳುವುದಿಷ್ಟು: ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ಕಡೆಗೆ ನಿರಾಶ್ರಿತನನ್ನು ಹಿಂದಕ್ಕೆ ಅಟ್ಟಬಾರದು. (ನಮ್ಮ ಭಾರತ ಇದಕ್ಕೆ ಸಹಿ ಹಾಕಿಲ್ಲ, ಲಿಬಿಯವೂ ಹಾಕಿಲ್ಲ.) ಸಹಿ ಹಾಕಿದ ಇಟಲಿ 2009ರ ಮೇ 6ರಂದು ಲಾಂಪೆದೂಸಾದ ದಕ್ಷಿಣಕ್ಕೆ ಸುಮಾರು ಇನ್ನೂರು ಮಂದಿಯ ದೋಣಿಗಳನ್ನು ತಡೆದು, ಅವರನ್ನು ತನ್ನ ಹಡಗಿಗೆ ಹತ್ತಿಸಿಕೊಂಡು, ಹೆಸರನ್ನೂ ಕೇಳದೆ ಲಿಬಿಯದ ಟ್ರಿಪೊಲಿಗೆ ಒಯ್ದು ಒಪ್ಪಿಸಿತು. ಅವರಲ್ಲಿ 24 ಮಂದಿ ಸೊಮಾಲಿಯ ಮತ್ತು ಎರಿಟ್ರಿಯದವರು ಸ್ಟ್ರಾಸ್‌ಬರ್ಗಿನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2012ರ ಫೆಬ್ರವರಿ 23ರಂದು ತೀರ್ಪು ಅವರ ಪರವಾಯಿತು. ಇಟಲಿಯ ಹಡಗಿನ ಮೇಲೆ ನಿಂತವನು ಇಟಲಿಯ ಅಧಿಕಾರದೊಳಗೆ ಇದ್ದಾನೆ, ಅವನ ಮಾತು ಕೇಳದೆ ಹಿಂದಕ್ಕೆ ಕಳುಹಿಸಿದ್ದು ತಪ್ಪು ಎಂದಿತು ನ್ಯಾಯಾಲಯ.

ತೀರ್ಪಿನ ಫಲವೇನಾಯಿತು ಗೊತ್ತೇ? ನಮ್ಮ ಹಡಗಿಗೆ ಹತ್ತಿಸಿಕೊಂಡರೆ ತಾನೇ ಜವಾಬ್ದಾರಿ? ಬೇರೆಯವರೇ ಹಿಡಿಯಲಿ. 2017ರ ಫೆಬ್ರವರಿ 2ರಂದು ಇಟಲಿ ಲಿಬಿಯದೊಂದಿಗೆ ಒಪ್ಪಂದ ಮಾಡಿಕೊಂಡು ಅದರ ಕರಾವಳಿ ಕಾವಲಿಗೆ ದೋಣಿ, ತರಬೇತಿ, ಹಣ ಒದಗಿಸಿತು. ಐರೋಪ್ಯ ಒಕ್ಕೂಟವೂ ಕೈಜೋಡಿಸಿತು. ಅಲ್ಲಿ ಹಿಡಿಯಲ್ಪಟ್ಟವರು ಲಿಬಿಯದ ಬಂದೀಖಾನೆಗಳಿಗೆ ಹೋಗುತ್ತಾರೆ. ಆ ಬಂದೀಖಾನೆಗಳಲ್ಲಿ ಹಿಂಸೆ, ಅತ್ಯಾಚಾರ, ಗುಲಾಮಗಿರಿ ನಡೆದಿದೆಯೆಂದು ವಿಶ್ವಸಂಸ್ಥೆ ನೇಮಿಸಿದ ಸತ್ಯಶೋಧನಾ ಮಂಡಳಿ 2023ರ ಮಾರ್ಚ್‌ನಲ್ಲಿ ವರದಿ ಮಾಡಿತು.

ಮನೆಯ ಬಾಗಿಲ ಉದಾಹರಣೆ ತೆಗೆದುಕೊಳ್ಳಿ. ರಾತ್ರಿ ಯಾರೋ ಬಾಗಿಲು ತಟ್ಟಿದರೆ ಮನೆಯ ಯಜಮಾನ ಕಂಡಕಂಡವರನ್ನೆಲ್ಲ ಒಳಗೆ ಕರೆಯಬೇಕಾಗಿಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ, ಜಾಗ ಕಡಿಮೆಯಿರಬಹುದು. ಆದರೆ 'ಯಾರಪ್ಪಾ ನೀನು, ಏನಾಯಿತು' ಎಂದು ಕೇಳುತ್ತಾನೆ. ಅಟ್ಟಿಸಿಕೊಂಡು ಬಂದವರಿಂದ ಓಡಿಬಂದ ಹೆಂಗಸಾದರೆ ಒಂದು ಉತ್ತರ, ಸುಮ್ಮನೆ ಬಂದವನಾದರೆ ಇನ್ನೊಂದು. ಧರ್ಮಸಭೆಯ ಬೋಧನೆ ಇದಕ್ಕಿಂತ ಬಹಳ ಭಿನ್ನವಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥದ 2241ನೇ ವಚನವು ಅನುಕೂಲಸ್ಥ ರಾಷ್ಟ್ರಗಳು ತಮ್ಮ ಶಕ್ತಿಯಿದ್ದಷ್ಟು ಪರದೇಶಿಯನ್ನು ಬರಮಾಡಿಕೊಳ್ಳಬೇಕೆನ್ನುತ್ತದೆ. ಸರಕಾರಗಳು ಸಮಾಜದ ಹಿತಕ್ಕಾಗಿ ಷರತ್ತು ವಿಧಿಸಬಹುದೆಂದೂ ಅಲ್ಲೇ ಹೇಳುತ್ತದೆ. ಬಂದವರಿಗೆ ಆಡಳಿತದಲ್ಲಿ ತಕ್ಷಣ ಪಾಲು ಕೊಡದಿರುವುದು ವಿವೇಕವೆಂದು ಸಂತ ತೋಮಸ್ ಅಕ್ವಿನಾಸರೂ ಬರೆದಿದ್ದಾರೆ. ಹಾಗಾಗಿ ಗಡಿಯೇ ಪಾಪ ಎನ್ನುವವರ ಜೊತೆ ನಾನಿಲ್ಲ. ನನ್ನ ತಕರಾರು ಬಾಗಿಲಿನ ಬಗ್ಗೆ ಅಲ್ಲ. ತಟ್ಟುವ ಸದ್ದೇ ಕೇಳಿಸದಂತೆ ಬೀದಿಯ ತುದಿಯಲ್ಲಿ ದೊಣ್ಣೆ ಹಿಡಿದವರನ್ನು ಸಂಬಳ ಕೊಟ್ಟು ನಿಲ್ಲಿಸುವುದರ ಬಗ್ಗೆ.

ಜಗದ್ಗುರು ಹನ್ನೆರಡನೇ ಪಯಸ್‌ರವರು 1952ರಲ್ಲಿ ವಲಸೆಗಾರರ ಕುರಿತು ಹೊರಡಿಸಿದ ಪತ್ರದ ಮೊದಲಲ್ಲೇ ನಜರೇತಿನ ಪವಿತ್ರ ಕುಟುಂಬವನ್ನು ಎಲ್ಲ ನಿರಾಶ್ರಿತ ಕುಟುಂಬಗಳ ಮಾದರಿ ಎಂದು ಕರೆದರು. ಸಂತ ಮತ್ತಾಯನ ಶುಭಸಂದೇಶದ ಎರಡನೇ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಒಟ್ಟಿಗೆ ಓದಿ. ಈಜಿಪ್ಟ್ ಆಗ ರೋಮನರ ನೇರ ಆಡಳಿತದಲ್ಲಿತ್ತು, ಹೆರೋದನ ಕೈ ಅಲ್ಲಿಗೆ ಚಾಚುತ್ತಿರಲಿಲ್ಲ. ಅದಕ್ಕೇ ಮಗು ಉಳಿಯಿತು. ಈಜಿಪ್ಟಿನ ಅಧಿಕಾರಿ ಹೆರೋದನಿಗೇ ಹಣ ಕಳುಹಿಸಿ, 'ನಿನ್ನ ಕಡೆಯವರು ಇತ್ತ ಬಾರದಂತೆ ನೀನೇ ನೋಡಿಕೋ' ಎಂದಿದ್ದರೆ? ಜೋಸೆಫನ ಕನಸು ಗಡಿಯಲ್ಲೇ ಮುಗಿಯುತ್ತಿತ್ತು.

'ಫಾದರ್, ಅವರಲ್ಲಿ ಉಗ್ರಗಾಮಿಗಳಿದ್ದರೆ?' ಎಂದು ನಮ್ಮ ಯುವಕರು ಕೇಳುತ್ತಾರೆ. ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಯಾರೆಂದು ತಿಳಿಯಬೇಕಾದರೆ ನಿಲ್ಲಿಸಿ ಕೇಳಬೇಕು, ಬೆರಳಚ್ಚು ತೆಗೆದುಕೊಳ್ಳಬೇಕು, ಕಾಗದ ನೋಡಬೇಕು. ದೂರದಲ್ಲೇ ತಡೆಯುವವನು ಇದಾವುದನ್ನೂ ಮಾಡುವುದಿಲ್ಲ. ಇನ್ನೊಂದು ಮಾತು: ಬಾಡಿಗೆಯ ಕಾವಲುಗಾರ ಯಜಮಾನನನ್ನೇ ಹೆದರಿಸಬಲ್ಲ. 2010ರಲ್ಲಿ ರೋಮಿಗೆ ಬಂದ ಲಿಬಿಯದ ಗಡಾಫಿ, ವರ್ಷಕ್ಕೆ 500 ಕೋಟಿ ಯೂರೋ ಕೊಡದಿದ್ದರೆ ಯೂರೋಪ್ ಕಪ್ಪಾಗುತ್ತದೆ ಎಂದು ಬಹಿರಂಗವಾಗಿ ಹೇಳಿದ. 2021ರ ಮೇ ತಿಂಗಳಲ್ಲಿ ಸ್ಪೇನಿನ ಮೇಲೆ ಮುನಿಸಿಕೊಂಡ ಮೊರಾಕ್ಕೊ ಕಾವಲು ಸಡಿಲಿಸಿತು; ಎರಡೇ ದಿನಗಳಲ್ಲಿ ಸುಮಾರು 8,000 ಮಂದಿ, ಮಕ್ಕಳೂ ಸೇರಿ, ಸೆಉತಾ ಪಟ್ಟಣಕ್ಕೆ ಈಜಿ ನಡೆದು ಬಂದರು. ದೊಡ್ಡ ರಾಷ್ಟ್ರಗಳ ಜಗಳದಲ್ಲಿ ಈ ಬಡವರು ಪಗಡೆಯ ಕಾಯಿಗಳಾದರು. ಇದನ್ನು ಭದ್ರತೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇಷ್ಟಕ್ಕೂ ಭಾರ ಹೊತ್ತವರು ಬೇರೆಯವರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಪ್ರಕಾರ 2024ರ ಕೊನೆಗೆ ಬಲವಂತವಾಗಿ ನೆಲೆ ಕಳೆದುಕೊಂಡವರು 12 ಕೋಟಿಗೂ ಹೆಚ್ಚು. ತಮ್ಮ ದೇಶದ ಗಡಿ ದಾಟಿದ ನಿರಾಶ್ರಿತರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ಇರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ನಮ್ಮವರಿಗೂ ಇದರ ಋಣವಿದೆ. 1990ರ ಆಗಸ್ಟ್‌ನಲ್ಲಿ ಇರಾಕ್ ಸೇನೆ ಕುವೈತಿಗೆ ನುಗ್ಗಿದಾಗ ಅಲ್ಲಿ ದುಡಿಯುತ್ತಿದ್ದ ಭಾರತೀಯರು ಮರುಭೂಮಿ ದಾಟಿ ಜೋರ್ಡಾನ್ ಸೇರಿದರು. ಏನೂ ಶ್ರೀಮಂತವಲ್ಲದ ಆ ಪುಟ್ಟ ದೇಶ ನಾನಾ ದೇಶಗಳ ಲಕ್ಷಾಂತರ ಜನರಿಗೆ ಡೇರೆ ಹಾಕಲು ಜಾಗ ಕೊಟ್ಟಿತು. ಅಮ್ಮಾನಿನಿಂದ ವಿಮಾನಗಳಲ್ಲಿ ಊರಿಗೆ ಬಂದ ಭಾರತೀಯರು ಸುಮಾರು 1,70,000. ಕರಾವಳಿಯ ಹಿರಿಯರಲ್ಲಿ ಆ ಡೇರೆಗಳನ್ನು ನೆನೆಯುವವರು ಇಂದಿಗೂ ಇದ್ದಾರೆ. ಮಕ್ಕಳು ಅವರನ್ನು ಕೇಳಿ ತಿಳಿಯಲಿ.

2015ರ ಏಪ್ರಿಲ್ 18ರಂದು ಲಿಬಿಯದಿಂದ ಹೊರಟ ಮೀನುಗಾರಿಕೆಯ ಹಡಗೊಂದು ಮುಳುಗಿತು. ಬದುಕಿದವರು 28 ಮಂದಿ, ಸತ್ತವರು ಎಂಟುನೂರಕ್ಕೂ ಹೆಚ್ಚೆಂದು ಅಂದಾಜು. ಮರುವರ್ಷ ಇಟಲಿಯ ನೌಕಾಪಡೆ ಅದನ್ನು ಸುಮಾರು 370 ಮೀಟರ್ ಆಳದಿಂದ ಮೇಲೆತ್ತಿತು. ಮಿಲಾನ್ ವಿಶ್ವವಿದ್ಯಾಲಯದ ವೈದ್ಯೆ ಕ್ರಿಸ್ತಿನಾ ಕತ್ತಾನೆಯೊ ಮತ್ತು ಸಂಗಡಿಗರು ಒಂದೊಂದೇ ಶವವನ್ನು ಗುರುತಿಸಲು ಕುಳಿತರು. ಹದಿನಾಲ್ಕು ವರ್ಷದ ಹುಡುಗನೊಬ್ಬ, ಮಾಲಿ ದೇಶದವನಿರಬೇಕು. ಅವನ ಜಾಕೆಟಿನ ಒಳಗೆ ಏನೋ ಹೊಲಿದಿಟ್ಟದ್ದು ಕೈಗೆ ತಗುಲಿತು. ಬಿಚ್ಚಿದರೆ ಮಡಿಸಿದ ಕಾಗದ, ಅವನ ಶಾಲೆಯ ಅಂಕಪಟ್ಟಿ. ವೀಸಾ ಇಲ್ಲದ ಹುಡುಗ, ಯಾರಾದರೂ ಕೇಳಿದರೆ ತೋರಿಸಲೆಂದು ಇಟ್ಟುಕೊಂಡಿರಬೇಕು. ಗಣಿತ, ಭೌತಶಾಸ್ತ್ರ ಎಂದು ಫ್ರೆಂಚಿನಲ್ಲಿ ಬರೆದದ್ದನ್ನು ಆಗಲೂ ಓದಬಹುದಿತ್ತು.